ಹೊರಗುತ್ತಿಗೆಯ ದಿನಗಳಲ್ಲಿ ವೃತ್ತಿಧರ್ಮ

ಮುಂಬಯಿಯ ಫೋರ್ಟ್ ಪರಿಸರದ ಕಚೇರಿಗಳಲ್ಲಿ ಕಳೆದ ಕೆಲವು ವರ್ಷಗಳಿಂದ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ‘ಹ್ಯಾಂಡೋವರ್ ಮಾಡಿಕೊಡಿ’ ಎಂಬುದೇ ಆ ಮಾತು. ಹದಿನೈದು ಇಪ್ಪತ್ತು ವರ್ಷ ಒಂದೇ ವಿಭಾಗದಲ್ಲಿ ದುಡಿದ ಗುಮಾಸ್ತರೊಬ್ಬರು, ಗುತ್ತಿಗೆ ಸಂಸ್ಥೆಯಿಂದ ಬಂದ ಇಪ್ಪತ್ತೆರಡರ ಹರೆಯದ ಹುಡುಗನನ್ನೋ ಹುಡುಗಿಯನ್ನೋ ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ತಮ್ಮ ಕೆಲಸವನ್ನೆಲ್ಲ ಕಲಿಸಿಕೊಟ್ಟು, ತಿಂಗಳ ಕೊನೆಗೆ ಮನೆಗೆ ಹೊರಡಬೇಕು ಎಂಬುದು ಅದರ ಇಂಗಿತ. ಇದರ ಜೊತೆಗೆ ಒಂದು ಹಿತವಚನವೂ ಇರುತ್ತದೆ: ‘ದಯವಿಟ್ಟು ವೃತ್ತಿಪರರಾಗಿ ನಡೆದುಕೊಳ್ಳಿ.’

ಈ ಹಿತವಚನವನ್ನು ನಾವು ಲಘುವಾಗಿ ತಳ್ಳಿಹಾಕಬೇಕಾಗಿಲ್ಲ. ಆದರೆ ಸಂಬಳ ಕೊಡುವವರು ಆ ಸಂಬಳವನ್ನು ನಿಲ್ಲಿಸುವ ಘಳಿಗೆಯಲ್ಲಿ ಹೇಳುವ ಮಾತಿದು ಎಂಬುದನ್ನು ಮರೆಯುವಂತೆಯೂ ಇಲ್ಲ. ವೃತ್ತಿಪರತೆ ಎಂದರೇನು, ಅದು ಯಾರಿಗೆ ಸಲ್ಲಬೇಕಾದ ಋಣ, ಹೊರಡುವವರಿಗೆ ಪ್ರತಿಯಾಗಿ ಏನು ಸಲ್ಲಬೇಕು ಎಂಬ ಪ್ರಶ್ನೆಗಳನ್ನು ವಿವೇಚಿಸುವ ಅಗತ್ಯವಿದೆ. ಮಹಾನಗರದ ಸಾವಿರಾರು ತುಳು-ಕನ್ನಡಿಗ ಕುಟುಂಬಗಳು ಇಂದಿಗೂ ಕಚೇರಿಯ ಕೆಲಸವನ್ನೇ ನೆಚ್ಚಿಕೊಂಡಿರುವುದರಿಂದ ಇದು ನಮ್ಮ ಮನೆಗಳ ಪ್ರಶ್ನೆಯೂ ಹೌದು.

ಬೀಜ ಮೊಳೆತದ್ದು ಇಲ್ಲಿಯೇ

ಹೊರಗುತ್ತಿಗೆ ಎಂಬುದು 1991ರ ಆರ್ಥಿಕ ಉದಾರೀಕರಣದ ಬೆನ್ನಿಗೆ ಹೊರದೇಶದಿಂದ ಬಂದದ್ದು ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ. 1968ರಲ್ಲಿ ಮುಂಬಯಿಯಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಆರಂಭವಾದಾಗ ಅದು ಕೈಗೆತ್ತಿಕೊಂಡ ಮೊದಮೊದಲ ಕೆಲಸಗಳಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಅಂತರ್‌ಶಾಖಾ ಲೆಕ್ಕಗಳ ತಾಳೆಯ ಕೆಲಸವೂ ಒಂದಾಗಿತ್ತು. ಬ್ಯಾಂಕಿನಲ್ಲಿ ದುಡಿದವರಿಗೆ ಈ ಕೆಲಸದ ಭಾರ ತಿಳಿದಿದೆ. ಒಂದು ಶಾಖೆ ಬರೆದುಕೊಟ್ಟ ಡ್ರಾಫ್ಟನ್ನು ಇನ್ನೊಂದು ಶಾಖೆ ಪಾವತಿಸುತ್ತದೆ. ಎರಡೂ ಕಡೆಯ ನಮೂದುಗಳು ಎಲ್ಲೋ ಒಂದು ಕಡೆ ಸಂಧಿಸಬೇಕು. ಸಾವಿರಾರು ನಮೂದುಗಳನ್ನು ಹಾಳೆಯ ಮೇಲೆ ಗುರುತು ಹಾಕುತ್ತಾ ಕುಳಿತ ಗುಮಾಸ್ತರ ದೊಡ್ಡ ವಿಭಾಗಗಳೇ ಅಂದು ಪ್ರತಿಯೊಂದು ಬ್ಯಾಂಕಿನ ಮುಖ್ಯ ಕಚೇರಿಯಲ್ಲಿದ್ದವು. ಆ ಕೆಲಸದ ಒಂದು ಪಾಲು ಹೊರಗಿನ ಸಂಸ್ಥೆಯ ಯಂತ್ರಕ್ಕೆ ಹೋದದ್ದು ಇಂದಿಗೆ ಅರ್ಧ ಶತಮಾನಕ್ಕೂ ಹಿಂದಿನ ಮಾತು. ಮುಂದೆ ಜಗತ್ತಿನ ದೊಡ್ಡ ಹೊರಗುತ್ತಿಗೆ ಸಂಸ್ಥೆಗಳಲ್ಲಿ ಒಂದಾಗಿ ಬೆಳೆದ ಈ ಕಂಪೆನಿಯ ಹೆಸರು ಹೊತ್ತ ಕಟ್ಟಡ ಫೋರ್ಟಿನ ರ್‍ಯಾವೆಲಿನ್ ಸ್ಟ್ರೀಟಿನಲ್ಲಿಯೇ ಇದೆ.

ಎರಡನೆಯ ಅಲೆ ಶೇರು ವಿಭಾಗಗಳನ್ನು ತಟ್ಟಿತು. ದಲಾಲ್ ಸ್ಟ್ರೀಟಿನ ಆಸುಪಾಸಿನ ಕಂಪೆನಿ ಕಚೇರಿಗಳಲ್ಲಿ ಶೇರು ವರ್ಗಾವಣೆಯ ಅರ್ಜಿಗಳನ್ನು ಪರಿಶೀಲಿಸುವ, ಸಹಿ ತಾಳೆ ನೋಡುವ, ಲಾಭಾಂಶದ ವಾರಂಟುಗಳನ್ನು ಅಂಚೆಗೆ ಹಾಕುವ ಗುಮಾಸ್ತರು ಬಹುಸಂಖ್ಯೆಯಲ್ಲಿದ್ದರು. 1996ರಲ್ಲಿ ಡಿಪಾಸಿಟರಿ ಕಾಯ್ದೆ ಬಂದು ಶೇರುಪತ್ರಗಳು ಕಾಗದದಿಂದ ಕಂಪ್ಯೂಟರಿಗೆ ಇಳಿದವು. 2002ರ ಡಿಸೆಂಬರಿನಲ್ಲಿ ಸೆಬಿಯು, ಕಾಗದದ ಶೇರು ಮತ್ತು ಡಿಮ್ಯಾಟ್ ಶೇರುಗಳ ನೋಂದಣಿ ಕಾರ್ಯವು ಒಂದೇ ಕಡೆ, ಅಂದರೆ ಕಂಪೆನಿಯೊಳಗೆ ಅಥವಾ ನೋಂದಾಯಿತ ರಿಜಿಸ್ಟ್ರಾರ್ ಸಂಸ್ಥೆಯಲ್ಲಿ ನಡೆಯಬೇಕೆಂದು ವಿಧಿಸಿತು. ಅನೇಕ ಕಂಪೆನಿಗಳು ರಿಜಿಸ್ಟ್ರಾರರ ದಾರಿ ಹಿಡಿದವು. ಫೋರ್ಟಿನ ಮೇಜುಗಳು ಅಂಧೇರಿ, ವಿಕ್ರೋಲಿ, ಹೈದರಾಬಾದುಗಳಿಗೆ ಸಾಗಿದವು; ಅವುಗಳ ಹಿಂದೆ ಕುಳಿತಿದ್ದವರೆಲ್ಲ ಅವುಗಳೊಡನೆ ಸಾಗಲಿಲ್ಲ.

ಮೂರನೆಯದು ಕ್ಲಿಯರಿಂಗ್. ಮುಂಬಯಿಯಲ್ಲಿ 1986ರಲ್ಲಿ ಚೆಕ್ಕುಗಳ ಯಾಂತ್ರಿಕ ವಿಂಗಡಣೆ ಆರಂಭವಾದ ಮೇಲೂ ಚೆಕ್ಕುಗಳ ಕಟ್ಟುಗಳು ಬ್ಯಾಂಕಿನಿಂದ ಬ್ಯಾಂಕಿಗೆ ಚಲಿಸಲೇಬೇಕಾಗಿತ್ತು. 2013ರ ಏಪ್ರಿಲಿನಲ್ಲಿ ಚೆಕ್ ಟ್ರಂಕೇಶನ್ ವ್ಯವಸ್ಥೆ ಮುಂಬಯಿಗೆ ಬಂದ ಮೇಲೆ ಚೆಕ್ಕಿನ ಚಿತ್ರ ಮಾತ್ರ ಚಲಿಸತೊಡಗಿತು. ಕಾಗದವು ಚಿತ್ರವಾದ ಮೇಲೆ ಆ ಚಿತ್ರವನ್ನು ನೋಡುವ ಕಣ್ಣು ಫೋರ್ಟಿನಲ್ಲೇ ಇರಬೇಕೆಂದಿಲ್ಲ. ತಂತ್ರಜ್ಞಾನ ಮತ್ತು ಹೊರಗುತ್ತಿಗೆಗಳ ಸಂಬಂಧ ಇರುವುದು ಇಲ್ಲಿಯೇ. ಯಂತ್ರವು ಕೆಲಸವನ್ನು ಮೊದಲು ಸ್ಥಳದಿಂದ ಬಿಡಿಸುತ್ತದೆ. ಸ್ಥಳದಿಂದ ಬಿಡಿಸಿಕೊಂಡ ಕೆಲಸವನ್ನು ಅಗ್ಗದ ಸ್ಥಳಕ್ಕೆ ಕೊಂಡೊಯ್ಯುವುದು ಆಮೇಲೆ ಸುಲಭವಾಗುತ್ತದೆ.

ನಮ್ಮವರು ಬಂದ ದಾರಿ

ಇಪ್ಪತ್ತನೆಯ ಶತಮಾನದಲ್ಲಿ ಊರಿನಿಂದ ಬಂದ ನಮ್ಮ ಹಿರಿಯರಲ್ಲಿ ಬಹಳ ಮಂದಿ ಹಗಲು ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಟೈಪಿಂಗ್ ಕಲಿತು ಕಚೇರಿಗಳ ಮೆಟ್ಟಿಲು ಹತ್ತಿದವರು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಕೆನರಾ (1906), ಕಾರ್ಪೊರೇಶನ್ (1906), ಸಿಂಡಿಕೇಟ್ (1925), ವಿಜಯಾ (1931) ಬ್ಯಾಂಕುಗಳು ಈ ನಗರದಲ್ಲಿ ನಮ್ಮವರಿಗೆ ಉದ್ಯೋಗವನ್ನೂ ಗೌರವವನ್ನೂ ನೀಡಿದವು. ‘ಬ್ಯಾಂಕಿನಲ್ಲಿದ್ದಾರೆ’ ಎಂಬ ಒಂದು ಮಾತು ಮದುವೆಯ ಮಾತುಕತೆಗಳಲ್ಲಿ ಎಷ್ಟು ತೂಗುತ್ತಿತ್ತೆಂಬುದನ್ನು ಹೇಳಬೇಕಾಗಿಲ್ಲ.

ಆ ಕಾಲ ಹಿಂದೆ ಸರಿದಿದೆ. 2000-01ರಲ್ಲಿ ಸಾರ್ವಜನಿಕ ಬ್ಯಾಂಕುಗಳು ಸ್ವಯಂ ನಿವೃತ್ತಿ ಯೋಜನೆಯನ್ನು ತಂದಾಗ ದೇಶದಾದ್ಯಂತ ಒಂದು ಲಕ್ಷದಷ್ಟು ನೌಕರರು ಹೊರಬಂದರು. ಪ್ರತಿ ಸೇವಾವರ್ಷಕ್ಕೆ 60 ದಿನಗಳ ಸಂಬಳ ಅಥವಾ ಉಳಿದ ಸೇವಾವಧಿಯ ಸಂಬಳ, ಇವುಗಳಲ್ಲಿ ಕಡಿಮೆಯಾದುದು ಅಂದಿನ ಪರಿಹಾರದ ಸೂತ್ರವಾಗಿತ್ತು. 2019ರ ಏಪ್ರಿಲಿನಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, 2020ರ ಏಪ್ರಿಲಿನಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಇಂದು ನಮ್ಮ ಮಕ್ಕಳು ಬ್ಯಾಂಕಿನ ಕೆಲಸಕ್ಕೆ ಸೇರುವಾಗ ಅನೇಕರು ಸೇರುವುದು ಬ್ಯಾಂಕಿಗಲ್ಲ, ಬ್ಯಾಂಕಿನ ಕೆಲಸ ಮಾಡಿಕೊಡುವ ಇನ್ನೊಂದು ಸಂಸ್ಥೆಗೆ. ಆದುದರಿಂದ ಹೊರಗುತ್ತಿಗೆಯ ಮೇಜಿನ ಎರಡೂ ಬದಿಗಳಲ್ಲಿ ನಮ್ಮವರೇ ಇದ್ದಾರೆ: ತಂದೆ ಕಳೆದುಕೊಳ್ಳುವ ಕಡೆ, ಮಗ ಪಡೆಯುವ ಕಡೆ.

‘ಬ್ಯಾಂಗಲೋರ್ಡ್’ ಎಂಬ ಪದ

ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ಇನ್ನೂ ಒಂದು ಸಂಕೋಚವಿದೆ. 2004ರ ಸುಮಾರಿಗೆ ಅಮೆರಿಕದಲ್ಲಿ ಇಂಗ್ಲಿಷಿಗೆ ಒಂದು ಹೊಸ ಕ್ರಿಯಾಪದ ಸೇರಿತು. ಹೊರಗುತ್ತಿಗೆಯಿಂದ ಕೆಲಸ ಕಳೆದುಕೊಂಡವನನ್ನು ‘ಬ್ಯಾಂಗಲೋರ್ಡ್’ ಎಂದು ಕರೆಯತೊಡಗಿದರು. ನಮ್ಮ ನಾಡಿನ ರಾಜಧಾನಿಯ ಹೆಸರು ಪರದೇಶದ ನೌಕರನೊಬ್ಬನ ದುಃಖಕ್ಕೆ ಹೆಸರಾಯಿತು. 2003ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕು ಬ್ರಿಟನ್ನಿನ 4,000 ಉದ್ಯೋಗಗಳನ್ನು ಏಷ್ಯಾಕ್ಕೆ ಸಾಗಿಸುವುದಾಗಿ ಘೋಷಿಸಿದಾಗಲೂ, ಆ ಪಟ್ಟಿಯಲ್ಲಿ ಭಾರತವಿದ್ದುದನ್ನು ಕಂಡು ನಾವು ಸಂತೋಷಪಟ್ಟೆವೇ ಹೊರತು ಅಲ್ಲಿ ಎದ್ದುಹೋದವರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಮುಂದೆ 2014-15ರಲ್ಲಿ ಅಮೆರಿಕದಲ್ಲಿ ನಡೆದ ಎರಡು ಪ್ರಕರಣಗಳು ಜಗತ್ತಿನ ಗಮನ ಸೆಳೆದವು. ಫ್ಲಾರಿಡಾದ ಡಿಸ್ನಿ ಸಂಸ್ಥೆಯ ಸುಮಾರು 250 ಮಂದಿ ತಂತ್ರಜ್ಞರಿಗೆ ಕೆಲಸ ಹೋಗುವ ಸೂಚನೆ ಬಂತು. ಅವರಲ್ಲಿ ಅನೇಕರು ಭಾರತದ ಹೊರಗುತ್ತಿಗೆ ಸಂಸ್ಥೆಯ ಮೂಲಕ ಬಂದವರಿಗೆ ತಮ್ಮ ಕೆಲಸವನ್ನು ಕಲಿಸಿಕೊಟ್ಟು ಹೊರಡಬೇಕಾಯಿತು. ಕ್ಯಾಲಿಫೋರ್ನಿಯಾದ ಎಡಿಸನ್ ವಿದ್ಯುತ್ ಸಂಸ್ಥೆಯಲ್ಲಿ ನೂರಾರು ಮಂದಿಯ ಕೆಲಸವು ಟಿಸಿಎಸ್ ಮತ್ತು ಇನ್ಫೋಸಿಸ್ ಸಂಸ್ಥೆಗಳಿಗೆ ಹೋಯಿತು. ಒಂದು ಸಂಸ್ಥೆಯ ಮೂಲ ಮುಂಬಯಿ, ಇನ್ನೊಂದರ ಮುಖ್ಯ ಕಚೇರಿ ಬೆಂಗಳೂರು. ಅಂದು ಎದುರು ಬದಿಯಲ್ಲಿ ಕುಳಿತು ಟಿಪ್ಪಣಿ ಬರೆದುಕೊಂಡವರು ನಮ್ಮ ಮಕ್ಕಳು.

ಚಕ್ರ ನಿಂತಿಲ್ಲ. 2025ರ ಜುಲೈಯಲ್ಲಿ ಟಿಸಿಎಸ್ ಸಂಸ್ಥೆಯೇ ತನ್ನ ಸಿಬ್ಬಂದಿಯ ಶೇಕಡಾ 2ರಷ್ಟನ್ನು, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು ಕಡಿತಗೊಳಿಸುವುದಾಗಿ ತಿಳಿಸಿತು. ಬೇರೆಯವರ ಕೆಲಸವನ್ನು ಪಡೆದು ಬೆಳೆದ ಸಂಸ್ಥೆಯ ನೌಕರನಿಗೂ ಕಾಯಂ ಎಂಬುದು ಇಲ್ಲವೆಂದಾದ ಮೇಲೆ, ‘ನಾವು’ ಮತ್ತು ‘ಅವರು’ ಎಂಬ ಗೆರೆಯನ್ನು ನೌಕರ ನೌಕರರ ನಡುವೆ ಎಳೆಯುವುದರಲ್ಲಿ ಅರ್ಥವಿಲ್ಲ.

ಕಲಿಸಿಕೊಡಬೇಕೇ, ಬೇಡವೇ?

ಹೀಗಿರುವಾಗ ಕೆಲಸ ಕಳೆದುಕೊಳ್ಳುವವರು ಹೇಗೆ ನಡೆದುಕೊಳ್ಳಬೇಕು? ‘ಬದಲಿಯವನಿಗೆ ಕಲಿಸಿಕೊಡುವುದೆಂದರೆ ನಮ್ಮ ಕುತ್ತಿಗೆಯ ಹಗ್ಗವನ್ನು ನಾವೇ ಹೊಸೆದುಕೊಟ್ಟಂತೆ’ ಎಂದು ಅನೇಕರು ಹೇಳುವುದುಂಟು. ಈ ನೋವಿನಲ್ಲಿ ನ್ಯಾಯವಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ಆದರೂ ಕಲಿಸದೆ ಹೋದರೆ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದನ್ನು ಯೋಚಿಸಬೇಕು.

ಒಂದು ಪಿಂಚಣಿ ವಿಭಾಗವನ್ನು ತೆಗೆದುಕೊಳ್ಳೋಣ. ನವೆಂಬರ್ ಬಂದರೆ ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಸಲ್ಲಿಸಬೇಕು. ಲಕ್ವ ಹೊಡೆದ ಮೇಲೆ ಸಹಿ ಬದಲಾದ ವೃದ್ಧರು, ಹೆಬ್ಬೆರಳಿನ ಗುರುತು ಯಂತ್ರದಲ್ಲಿ ಮೂಡದ ವಯಸ್ಸಾದ ತಾಯಂದಿರು, ಗಂಡನ ಹೆಸರಿನ ಒಂದಕ್ಷರ ತಪ್ಪಾಗಿ ದಾಖಲಾಗಿ ಕುಟುಂಬ ಪಿಂಚಣಿಗೆ ಅಲೆಯುತ್ತಿರುವ ವಿಧವೆಯರು, ಇವರೆಲ್ಲರನ್ನೂ ಆ ಮೇಜಿನವರು ಮುಖದಿಂದ ಬಲ್ಲರು. ಇವು ಯಾವ ಕೈಪಿಡಿಯಲ್ಲಿಯೂ ಬರೆದಿರುವುದಿಲ್ಲ. ಹೊರಡುವವರು ಇವನ್ನು ಹೇಳದೆ ಹೋದರೆ ಡಿಸೆಂಬರಿನಲ್ಲಿ ಆಡಳಿತ ಮಂಡಳಿಯ ಯಾರ ಸಂಬಳವೂ ನಿಲ್ಲುವುದಿಲ್ಲ; ಡೊಂಬಿವಲಿಯ ಚಾಳಿನಲ್ಲಿರುವ ಒಬ್ಬ ಮುದುಕಿಯ ಪಿಂಚಣಿ ನಿಲ್ಲುತ್ತದೆ. ಸಿಟ್ಟು ಯಾರ ಮೇಲೋ, ಶಿಕ್ಷೆ ಯಾರಿಗೋ ಎಂದಾಗುತ್ತದೆ.

ಆದುದರಿಂದ ವೃತ್ತಿಧರ್ಮದ ಮೊದಲ ಋಣ ಗ್ರಾಹಕನಿಗೆ ಮತ್ತು ಲೆಕ್ಕಕ್ಕೆ ಸಲ್ಲಬೇಕು ಎಂಬುದು ನಮ್ಮ ನಿಲುವು. ಬ್ಯಾಂಕಿಗೆ ಸೇರುವಾಗ ನೌಕರರು ನಿಷ್ಠೆ ಮತ್ತು ಗೌಪ್ಯತೆಯ ಘೋಷಣೆಗೆ ಸಹಿ ಹಾಕುತ್ತಾರೆ. ಗ್ರಾಹಕನ ಗುಟ್ಟನ್ನು ಕಾಯುವ ಹೊಣೆ ಕೊನೆಯ ಸಂಬಳದೊಂದಿಗೆ ಮುಗಿಯುವುದಿಲ್ಲ. ಸಿಟ್ಟಿನ ಭರದಲ್ಲಿ ಕಡತ ಅಳಿಸುವುದು, ಗ್ರಾಹಕರ ಪಟ್ಟಿಯನ್ನು ಜೇಬಿಗಿಳಿಸುವುದು, ಪಾಸ್‌ವರ್ಡನ್ನು ತಿಳಿಸದೆ ಹೋಗುವುದು ಅಧರ್ಮವಷ್ಟೇ ಅಲ್ಲ, ಅಪಾಯವೂ ಹೌದು. ಅನುಮತಿಯಿಲ್ಲದೆ ಮಾಹಿತಿಯನ್ನು ನಾಶಮಾಡುವ, ನಕಲು ಮಾಡಿ ಒಯ್ಯುವ ದುರುದ್ದೇಶದ ಕೃತ್ಯಕ್ಕೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಮೂರು ವರ್ಷಗಳವರೆಗೆ ಸೆರೆವಾಸದ ಶಿಕ್ಷೆಯಿದೆ. ಮೂವತ್ತು ವರ್ಷ ಗಳಿಸಿದ ಹೆಸರನ್ನು ಮೂರು ನಿಮಿಷದ ಆವೇಶಕ್ಕೆ ಒತ್ತೆ ಇಡಬಾರದು.

ಆದರೆ ಹಸ್ತಾಂತರಕ್ಕೂ ಒಂದು ಮಿತಿಯಿದೆ. ನೋಟಿಸು ಅವಧಿಯಲ್ಲಿ, ಸಂಬಳ ಪಡೆಯುವ ಹೊತ್ತಿನಲ್ಲಿ ಕೆಲಸವನ್ನು ವ್ಯವಸ್ಥಿತವಾಗಿ ಒಪ್ಪಿಸಿಕೊಡುವುದು ಕರ್ತವ್ಯದ ಭಾಗ. ಕೊನೆಯ ದಿನದ ನಂತರವೂ ಫೋನಿನಲ್ಲಿ ಸಂಶಯ ಪರಿಹರಿಸುವುದು, ವಾರಗಟ್ಟಲೆ ಹೆಚ್ಚುವರಿ ತರಬೇತಿ ನೀಡುವುದು ಕರ್ತವ್ಯವಲ್ಲ. ಅದೊಂದು ಸೇವೆ, ಸೇವೆಗೆ ಬೆಲೆಯಿದೆ. ಡಿಸ್ನಿಯಲ್ಲಿ ಕೂಡ ಕೊನೆಯ ದಿನದವರೆಗೆ ಉಳಿದು ಕಲಿಸಿದವರಿಗೆ ವಿಶೇಷ ಬೋನಸ್ ನೀಡುವ ಷರತ್ತಿತ್ತು. ಇಂಥ ಬೇಡಿಕೆಯನ್ನು ಸಭ್ಯ ಭಾಷೆಯಲ್ಲಿ ಲಿಖಿತವಾಗಿ ಮುಂದಿಡುವುದು ಲೋಭವಲ್ಲ. ವಕೀಲರು, ವೈದ್ಯರು, ಲೆಕ್ಕಪರಿಶೋಧಕರು ತಮ್ಮ ತಿಳಿವಳಿಕೆಗೆ ಶುಲ್ಕ ಪಡೆಯುವುದನ್ನು ಯಾರೂ ವೃತ್ತಿಪರತೆಗೆ ಕುಂದು ಎನ್ನುವುದಿಲ್ಲ. ಗುಮಾಸ್ತರ ತಿಳಿವಳಿಕೆಗೆ ಮಾತ್ರ ಬೇರೆ ನ್ಯಾಯವೇಕೆ?

ಹಸ್ತಾಂತರಕ್ಕೆ ದಾಖಲೆಯೂ ಬೇಕು. ಒಪ್ಪಿಸಿದ ಕಡತಗಳು, ಬೀಗದ ಕೈಗಳು, ಬಾಕಿ ಉಳಿದ ಪ್ರಕರಣಗಳು, ಹಿಂತಿರುಗಿಸಿದ ಯೂಸರ್ ಐಡಿಗಳು, ಇವುಗಳ ಪಟ್ಟಿಗೆ ಸ್ವೀಕರಿಸಿದವರ ಸಹಿ ಮತ್ತು ದಿನಾಂಕ ಪಡೆದುಕೊಳ್ಳಬೇಕು. ಹೊರಟು ಆರು ತಿಂಗಳಾದ ಮೇಲೆ ಲೆಕ್ಕದಲ್ಲಿ ವ್ಯತ್ಯಾಸ ಕಂಡುಬಂದಾಗ, ಇಲ್ಲದವರ ಮೇಲೆ ಹೊರೆ ಹೊರಿಸುವುದು ಎಲ್ಲ ಕಚೇರಿಗಳಲ್ಲಿಯೂ ಸುಲಭ. ಅಂದು ಕಾಯುವುದು ಆ ಒಂದು ಹಾಳೆ ಮಾತ್ರ.

ಸಹಿ ಹಾಕುವ ಮುನ್ನ

ವೃತ್ತಿಪರತೆಯ ಹೆಸರಿನಲ್ಲಿ ಮೌನವಾಗಿರಬೇಕು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ. ಮರ್ಯಾದಸ್ಥರು ಜಗಳವಾಡುವುದಿಲ್ಲ ಎಂದು ನಂಬಿದ ನಮ್ಮ ಅನೇಕರು ತಮಗೆ ನ್ಯಾಯವಾಗಿ ಬರಬೇಕಾದುದನ್ನೂ ಬಿಟ್ಟುಕೊಟ್ಟು ಬಂದಿದ್ದಾರೆ. ಇದರಲ್ಲಿ ಅತ್ಯಂತ ದುಬಾರಿಯಾದುದು ರಾಜೀನಾಮೆ ಪತ್ರ. ‘ಕೆಲಸದಿಂದ ತೆಗೆದರೆಂದು ದಾಖಲಾದರೆ ಮುಂದೆ ಕೆಲಸ ಸಿಗುವುದು ಕಷ್ಟ, ನೀವೇ ರಾಜೀನಾಮೆ ಕೊಟ್ಟುಬಿಡಿ’ ಎಂಬ ಸಲಹೆ ಹಿತೈಷಿಯ ಧ್ವನಿಯಲ್ಲಿ ಬರುತ್ತದೆ. ಆದರೆ ಸ್ವಇಚ್ಛೆಯಿಂದ ರಾಜೀನಾಮೆ ನೀಡಿದವರು ಕಾನೂನಿನ ದೃಷ್ಟಿಯಲ್ಲಿ ಉದ್ಯೋಗ ಕಡಿತಕ್ಕೆ ಒಳಗಾದವರಲ್ಲ; ಕಡಿತದ ಪರಿಹಾರಕ್ಕೆ ಅವರು ಹಕ್ಕು ಕಳೆದುಕೊಳ್ಳುತ್ತಾರೆ.

ಕಾನೂನು ಏನು ಹೇಳುತ್ತದೆ? 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಸ್ಥಾನದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಎಂಬ ಶಾಸನವು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಳೆಯ ಕಾಯ್ದೆಯಲ್ಲಿದ್ದಂತೆಯೇ ಇದರಲ್ಲಿಯೂ ಕನಿಷ್ಠ ಒಂದು ವರ್ಷ ಸತತ ಸೇವೆ ಸಲ್ಲಿಸಿದ ಕಾರ್ಮಿಕನನ್ನು ಕಡಿತಗೊಳಿಸಬೇಕಾದರೆ ಕಾರಣ ತಿಳಿಸಿ ಒಂದು ತಿಂಗಳ ಲಿಖಿತ ನೋಟಿಸು ಅಥವಾ ಅದರ ಬದಲಿಗೆ ಸಂಬಳ ಕೊಡಬೇಕು. ಪ್ರತಿ ಪೂರ್ಣ ಸೇವಾವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರ ನೀಡಬೇಕು. ಮರು ಕೌಶಲ ನಿಧಿಯೊಂದು ಹೊಸ ಸೇರ್ಪಡೆ. ಕಡಿತಗೊಂಡ ಪ್ರತಿ ಕಾರ್ಮಿಕನ ಹೆಸರಿನಲ್ಲಿ ಮಾಲಿಕರು 15 ದಿನಗಳ ಕೊನೆಯ ವೇತನವನ್ನು ಈ ನಿಧಿಗೆ ಕಟ್ಟಬೇಕು; ಅದು 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಬರಬೇಕು. ಒಂದು ವರ್ಷದೊಳಗೆ ಸಂಸ್ಥೆಯು ಮತ್ತೆ ನೇಮಕ ಮಾಡುವುದಾದರೆ ಕಡಿತಗೊಂಡವರಿಗೆ ಅವಕಾಶ ನೀಡಬೇಕು. ಅಂದೇ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟ ಅಥವಾ ಬಿಡಿಸಲ್ಪಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. ಗ್ರಾಚ್ಯುಯಿಟಿ ಮತ್ತು ಭವಿಷ್ಯ ನಿಧಿಗಳು ಇವುಗಳಿಂದ ಪ್ರತ್ಯೇಕ; ಅವು ಮಾಲಿಕರ ಔದಾರ್ಯವಲ್ಲ, ನೌಕರರ ಗಳಿಕೆ.

ಇದರ ಮಿತಿಗಳನ್ನೂ ತಿಳಿದಿರಬೇಕು. 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕಡಿತಕ್ಕೆ ಸರಕಾರದ ಪೂರ್ವಾನುಮತಿ ಬೇಕೆಂಬ ನಿಯಮವು ಕಾರ್ಖಾನೆ, ಗಣಿ, ತೋಟಗಳಿಗೆ ಅನ್ವಯಿಸುತ್ತದೆ. ಫೋರ್ಟಿನ ಕಚೇರಿಗಳಿಗೆ ಅದರ ರಕ್ಷಣೆಯಿಲ್ಲ. ಆಡಳಿತಾತ್ಮಕ ಹೊಣೆಯಿರುವವರು, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಸಂಬಳದ ಮೇಲ್ವಿಚಾರಕರು ‘ಕಾರ್ಮಿಕ’ ಎಂಬ ವ್ಯಾಖ್ಯೆಯ ಹೊರಗುಳಿಯುತ್ತಾರೆ. ಆದರೆ ನೇಮಕಪತ್ರದಲ್ಲಿ ‘ಆಫೀಸರ್’, ‘ಎಕ್ಸಿಕ್ಯುಟಿವ್’ ಎಂದು ಬರೆದಿದ್ದ ಮಾತ್ರಕ್ಕೆ ಎದೆಗುಂದಬೇಕಾಗಿಲ್ಲ. ನ್ಯಾಯಾಲಯಗಳು ನೋಡುವುದು ಹುದ್ದೆಯ ಹೆಸರನ್ನಲ್ಲ, ಮುಖ್ಯವಾಗಿ ಮಾಡುತ್ತಿದ್ದ ಕೆಲಸವನ್ನು. ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ, ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದ ಮಾತ್ರಕ್ಕೆ ಗುತ್ತಿಗೆ ಕಾರ್ಮಿಕರು ತಾವಾಗಿಯೇ ಮೂಲ ಸಂಸ್ಥೆಯ ನೌಕರರಾಗುವುದಿಲ್ಲ ಎಂದು ತೀರ್ಪು ನೀಡಿತು. ಮೇಜಿನ ಆಚೆ ಬದಿಯಲ್ಲಿ ಕುಳಿತು ಕೆಲಸ ಕಲಿಯುವ ಯುವಕನೂ ಎಷ್ಟು ತೆಳುವಾದ ನೆಲದ ಮೇಲೆ ನಿಂತಿದ್ದಾನೆ ಎಂಬುದಕ್ಕೆ ಇದು ಸಾಕ್ಷಿ.

ಆದುದರಿಂದ ಸಹಿ ಹಾಕುವ ಮುನ್ನ ಒಂದೆರಡು ದಿನಗಳ ಕಾಲಾವಕಾಶ ಕೇಳುವುದು, ಪತ್ರದ ಪ್ರತಿ ಪಡೆಯುವುದು, ಬಾಕಿಗಳ ಲೆಕ್ಕವನ್ನು ಬರಹದಲ್ಲಿ ಕೇಳುವುದು, ತಿಳಿದವರ ಸಲಹೆ ಪಡೆಯುವುದು ಸಂಪೂರ್ಣ ವೃತ್ತಿಪರ ನಡತೆಯೇ ಆಗಿದೆ. ಧ್ವನಿ ಏರಿಸದೆಯೂ ಹಕ್ಕು ಕೇಳಬಹುದು.

ಆಡಳಿತ ವರ್ಗದ ವೃತ್ತಿಧರ್ಮ

ನೌಕರರಿಗೆ ವೃತ್ತಿಪರತೆಯನ್ನು ಬೋಧಿಸುವವರಿಗೂ ಒಂದು ವೃತ್ತಿಧರ್ಮವಿದೆ. ಬ್ಯಾಂಕುಗಳ ಹೊರಗುತ್ತಿಗೆಯ ಕುರಿತು ರಿಸರ್ವ್ ಬ್ಯಾಂಕು 2006ರ ನವೆಂಬರ್ 3ರಂದು ಮಾರ್ಗಸೂಚಿಯನ್ನು ಹೊರಡಿಸಿತು. ಕೆಲಸವನ್ನು ಹೊರಗೆ ಕೊಟ್ಟರೂ ಹೊಣೆಯನ್ನು ಹೊರಗೆ ಕೊಡುವಂತಿಲ್ಲ ಎಂಬುದು ಅದರ ತಿರುಳು. ಆಂತರಿಕ ಲೆಕ್ಕಪರಿಶೋಧನೆ, ಸಾಲ ಮಂಜೂರಾತಿ, ಖಾತೆ ತೆರೆಯುವಾಗ ಗ್ರಾಹಕರ ಪರಿಚಯ ನಿಯಮಗಳು ಪಾಲನೆಯಾಗಿವೆಯೇ ಎಂಬ ನಿರ್ಧಾರ, ಇಂಥ ಮೂಲಭೂತ ಕಾರ್ಯಗಳನ್ನು ಹೊರಗುತ್ತಿಗೆಗೆ ನೀಡಬಾರದೆಂದು ಅದು ಹೇಳಿತು. ಮಾಹಿತಿ ತಂತ್ರಜ್ಞಾನದ ಹೊರಗುತ್ತಿಗೆಗೆ 2023ರ ಏಪ್ರಿಲಿನಲ್ಲಿ ಪ್ರತ್ಯೇಕ ನಿರ್ದೇಶನವೇ ಬಂತು. ಗ್ರಾಹಕರ ಹಿತ, ಗೌಪ್ಯತೆ, ತಪಾಸಣೆ ಎಲ್ಲಕ್ಕೂ ಇವುಗಳಲ್ಲಿ ಜಾಗವಿದೆ. ಇವು ಅಪಾಯ ನಿರ್ವಹಣೆಯ ದಾಖಲೆಗಳಾದುದರಿಂದ ಮೇಜು ಕಳೆದುಕೊಂಡ ನೌಕರ ಇವುಗಳ ವಿಷಯವಾಗಲಿಲ್ಲ. ಆದರೆ ಅನುಭವಿ ನೌಕರರು ಮನನೊಂದು, ಅರ್ಧ ಕಲಿಸಿ ಹೊರಟುಹೋಗುವುದೂ ಬ್ಯಾಂಕಿಗೆ ಒಂದು ಅಪಾಯವೇ ಅಲ್ಲವೇ?

ಬೇರೆ ದಾರಿಗಳಿವೆ. ಬ್ರಿಟನ್ನಿನಲ್ಲಿ 2006ರ ನಿಯಮಾವಳಿಯಂತೆ, ಸಂಘಟಿತ ತಂಡವೊಂದು ಮಾಡುತ್ತಿದ್ದ ಸೇವೆಯನ್ನು ದೇಶದೊಳಗಿನ ಗುತ್ತಿಗೆದಾರನಿಗೆ ವಹಿಸಿದಾಗ ಸಾಮಾನ್ಯವಾಗಿ ಆ ನೌಕರರೂ ತಮ್ಮ ಹಳೆಯ ಸಂಬಳ, ಸೇವಾಷರತ್ತುಗಳೊಂದಿಗೆ ಹೊಸ ಮಾಲಿಕನ ಕಡೆಗೆ ವರ್ಗಾವಣೆಗೊಳ್ಳುತ್ತಾರೆ. ಕೆಲಸ ಹೋದಲ್ಲಿಗೆ ಕೆಲಸಗಾರನೂ ಹೋಗುತ್ತಾನೆ. ನಮ್ಮಲ್ಲಿಯೂ ಮಾತುಕತೆಯ ಪರಂಪರೆಯಿದೆ. ಬ್ಯಾಂಕುಗಳ ಯಂತ್ರೀಕರಣ ಮತ್ತು ಗಣಕೀಕರಣದ ಕುರಿತು 1983 ಮತ್ತು 1993ರಲ್ಲಿ ಭಾರತೀಯ ಬ್ಯಾಂಕುಗಳ ಸಂಘ ಹಾಗೂ ನೌಕರ ಸಂಘಟನೆಗಳು ಎದುರು ಬದುರು ಕುಳಿತು ಒಪ್ಪಂದ ಮಾಡಿಕೊಂಡಿದ್ದವು. ಕಂಪ್ಯೂಟರ್ ಬಂತು, ಆದರೆ ಹೇಳಿ ಕೇಳಿ ಬಂತು. ಸಂಘಟನೆಯೇ ಇಲ್ಲದ ಖಾಸಗಿ ಕಚೇರಿಗಳಲ್ಲಿ ಹೊರಗುತ್ತಿಗೆ ಬರುವುದು ಒಂದು ಶುಕ್ರವಾರದ ಸಂಜೆಯ ಇಮೇಲಿನಲ್ಲಿ. ಮುಂಚಿತವಾಗಿ ನಿಜ ಹೇಳುವುದು, ಬಾಕಿಯನ್ನು ಹೊತ್ತಿಗೆ ಸರಿಯಾಗಿ ತೀರಿಸುವುದು, ಅನುಭವ ಪತ್ರವನ್ನು ಬೇಡಿಸದೆ ಕೊಡುವುದು, ಆರೋಗ್ಯ ವಿಮೆಯನ್ನು ಕೆಲವು ತಿಂಗಳಾದರೂ ಮುಂದುವರಿಸುವುದು ಆಡಳಿತ ವರ್ಗಕ್ಕೆ ಅಸಾಧ್ಯವಾದ ಕೆಲಸಗಳಲ್ಲ.

ಸಂಘ-ಸಂಸ್ಥೆಗಳ ಪಾಲು

ಐವತ್ತರ ಹರೆಯದಲ್ಲಿ ಕೆಲಸ ಕಳೆದುಕೊಂಡವರು ಮೊದಲು ಮಾಡುವುದು ಅದನ್ನು ಮುಚ್ಚಿಡುವುದು. ಬೆಳಗ್ಗೆ ಅದೇ ಹೊತ್ತಿಗೆ ಡಬ್ಬಿ ಹಿಡಿದು ಅದೇ ಲೋಕಲ್ ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿದು ಕಾಲ ಕಳೆಯುವವರೂ ಇರುತ್ತಾರೆ. ಮಗಳ ಮದುವೆ, ಮಗನ ಶುಲ್ಕ, ಮನೆಯ ಸಾಲದ ಕಂತು ಎಲ್ಲವೂ ಎದುರಿಗಿರುವ ವಯಸ್ಸದು. ಕೆಲಸ ಹೋದದ್ದು ತಮ್ಮ ಅಯೋಗ್ಯತೆಯಿಂದ ಎಂಬ ಭಾವನೆ ಅವರನ್ನು ಒಳಗಿಂದೊಳಗೇ ತಿನ್ನುತ್ತದೆ. ಸಂಸ್ಥೆಯೊಂದು ವೆಚ್ಚ ಕಡಿತದ ನಿರ್ಧಾರ ಕೈಗೊಂಡುದಕ್ಕೆ ಈ ಮನುಷ್ಯನ ಯೋಗ್ಯತೆಯ ಜೊತೆ ಸಂಬಂಧವಿಲ್ಲ ಎಂದು ಅವರಿಗೆ ಯಾರಾದರೂ ಹೇಳಬೇಕು. ಕುಟುಂಬ ಹೇಳಬೇಕು, ಸಮಾಜವೂ ಹೇಳಬೇಕು.

ಮೈಸೂರು ಅಸೋಸಿಯೇಶನ್ (1926), ಕರ್ನಾಟಕ ಸಂಘ (1933) ಮೊದಲ್ಗೊಂಡು ಈ ನಗರದಲ್ಲಿ ಹಿರಿಯರು ಕಟ್ಟಿದ ಸಂಸ್ಥೆಗಳಿಗೆ ಬರವಿಲ್ಲ. ಬಿಲ್ಲವರ ಅಸೋಸಿಯೇಶನಿನ ಮುಂದಾಳುತನದಲ್ಲಿ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕು ಹುಟ್ಟಿದ್ದು, ಸಮುದಾಯವು ಮನಸ್ಸು ಮಾಡಿದರೆ ಉದ್ಯೋಗವನ್ನೇ ಸೃಷ್ಟಿಸಬಲ್ಲದು ಎಂಬುದಕ್ಕೆ ನಿದರ್ಶನ. ಇಂದು ಅಷ್ಟು ದೊಡ್ಡ ಸಾಹಸ ಎಲ್ಲರಿಗೂ ಸಾಧ್ಯವಾಗದಿರಬಹುದು. ಆದರೆ ತಿಂಗಳಿಗೊಂದು ಭಾನುವಾರ, ನಿವೃತ್ತ ಬ್ಯಾಂಕ್ ನೌಕರರೊಬ್ಬರು ಮತ್ತು ಕಾರ್ಮಿಕ ಕಾನೂನು ಬಲ್ಲ ವಕೀಲರೊಬ್ಬರು ಸಂಘದ ಕೊಠಡಿಯಲ್ಲಿ ಎರಡು ಗಂಟೆ ಕುಳಿತು, ಬಂದವರ ಪತ್ರಗಳನ್ನು ಓದಿ ಸಲಹೆ ನೀಡುವುದಕ್ಕೆ ದೊಡ್ಡ ಖರ್ಚಿಲ್ಲ. ಲೆಕ್ಕ ಬಲ್ಲ ಅನುಭವಿಗಳು ಬೇಕಾಗಿರುವ ಸಹಕಾರಿ ಸಂಘಗಳು, ಗೃಹನಿರ್ಮಾಣ ಸೊಸೈಟಿಗಳು, ಶಾಲೆಗಳು, ಹೋಟೆಲು ಉದ್ಯಮಗಳು ನಮ್ಮವರ ಕೈಯಲ್ಲಿಯೇ ಇವೆ. ಬೇಕಾದವರನ್ನೂ ಬೇಡುವವರನ್ನೂ ಒಂದೆಡೆ ತರುವ ಒಂದು ಪಟ್ಟಿ ಇದ್ದರೂ ಸಾಕು. ವಾರ್ಷಿಕೋತ್ಸವದ ಶಾಲು, ಸ್ಮರಣಿಕೆಗಳ ಖರ್ಚಿನ ಒಂದಂಶವನ್ನು ಇದಕ್ಕೆ ತೆಗೆದಿಟ್ಟರೆ ಯಾರ ಗೌರವಕ್ಕೂ ಕುಂದಾಗದು.

ಹೊರಗುತ್ತಿಗೆಯನ್ನು ನಿಲ್ಲಿಸುವ ಶಕ್ತಿ ನಮ್ಮಂಥ ಸಾಮಾನ್ಯ ನೌಕರರಿಗಿಲ್ಲ. ಎದುರಿಗೆ ಕುಳಿತ ಹುಡುಗನ ಮೇಲೆ ಸಿಟ್ಟು ತೀರಿಸಿಕೊಳ್ಳುವುದರಿಂದ ಅದು ನಿಲ್ಲುವುದೂ ಇಲ್ಲ. ಅವನೂ ಯಾವುದೋ ಮನೆಯ ಆಧಾರ, ಬಹುಶಃ ನಮ್ಮೂರಿನವನೇ. ಅವನಿಗೆ ಕೆಲಸವನ್ನು ಸರಿಯಾಗಿ ಕಲಿಸೋಣ. ಅದರ ಜೊತೆಗೆ ತನ್ನ ನೇಮಕಪತ್ರವನ್ನು ಓದಿ ಇಟ್ಟುಕೊಳ್ಳುವುದನ್ನು, ಭವಿಷ್ಯ ನಿಧಿಯ ಖಾತೆಯನ್ನು ಆಗಾಗ ಪರಿಶೀಲಿಸುವುದನ್ನು, ನಿಗದಿತ ಅವಧಿಯ ನೇರ ನೇಮಕವಾದರೆ ಹೊಸ ಸಂಹಿತೆಯಂತೆ ಒಂದು ವರ್ಷಕ್ಕೇ ಗ್ರಾಚ್ಯುಯಿಟಿಗೆ ಅರ್ಹನಾಗುತ್ತಾನೆಂಬುದನ್ನೂ ಕಲಿಸೋಣ. ಅವನ ಸರದಿ ಬಂದಾಗ ಅವನಿಗೆ ಅದು ಬೇಕಾಗುತ್ತದೆ.